ಬರೆದದ್ದು ಅತಿಥಿ, ತಲೆಬರಹ ನಿಮ್ಮದು

ವಿರಾಜಪೇಟೆಯ ಓದುಗರೊಬ್ಬರು ಕೊಡಗಿನ ಹೋಂಸ್ಟೇಗಳ ಜಾಲತಾಣ ನಡೆಸುತ್ತಾರೆ. ತಂಗಿ ಹೋದವರು ಅಲ್ಲಿ ಅನಿಸಿಕೆ ಬರೆಯಬಹುದು. ಒಂದು ಹೋಂಸ್ಟೇಯಲ್ಲಿ ಕೊಂಡ ಜೇನಿಗೆ 'ಬೆಲ್ಲದ ಪಾಕ ಬೆರೆಸಿದಂತಿದೆ' ಎಂದು ಅತಿಥಿಯೊಬ್ಬರು ಬರೆದರು. ಈಗ ಮಾಲೀಕರ ವಕೀಲರ ನೋಟಿಸ್ ಬಂದಿದೆ: ಮೂರು ದಿನದಲ್ಲಿ ತೆಗೆಯಿರಿ, ಬರೆದವರ ಫೋನ್ ನಂಬರ್ ಕೊಡಿ, ಐದು ಲಕ್ಷ ಪರಿಹಾರ ಕಟ್ಟಿ. 'ನಾನು ಕಾಗುಣಿತ ತಿದ್ದಿ, "ಜೇನಲ್ಲ, ಬೆಲ್ಲದ ಪಾಕ!" ಎಂದು ತಲೆಬರಹ ಕೊಟ್ಟು ಮುಖಪುಟಕ್ಕೆ ಹಾಕಿದ್ದೆ ಅಷ್ಟೇ. ನನಗೇಕೆ ಹೊಣೆ?' ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

'ಅಷ್ಟೇ' ಎಂದಿರಲ್ಲ, ತೊಡಕಿರುವುದು ಅಲ್ಲೇ. ಬೇರೆಯವರು ಹಾಕಿದ ಬರಹಕ್ಕೆ ಜಾಲತಾಣವನ್ನು ಹೊಣೆ ಮಾಡದಂತೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 79ನೇ ಕಲಂ ಕಾಯುತ್ತದೆ, ನಿಜ. ಆದರೆ ಆ ಬರಹವನ್ನು ನೀವು ಆರಿಸಿರಬಾರದು, ಮಾರ್ಪಡಿಸಿರಬಾರದು. ಕಾಗುಣಿತ ತಿದ್ದಿದ್ದನ್ನು ಯಾರೂ ದೊಡ್ಡದು ಮಾಡಲಿಕ್ಕಿಲ್ಲ. ತಲೆಬರಹ ಹಾಗಲ್ಲ. ಅತಿಥಿಯ 'ಬೆರೆಸಿದಂತಿದೆ' ಎಂಬ ಅನುಮಾನ ನಿಮ್ಮ ಕೈಯಲ್ಲಿ ತೀರ್ಪಾಯಿತು. ಆ ಮೂರು ಪದಗಳು ನಿಮ್ಮವೇ. ಸಿವಿಲ್ ದಾವೆಯಾಗಲಿ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನಹಾನಿ ದೂರಾಗಲಿ, ಆ ಪದಗಳ ಮಟ್ಟಿಗೆ 79ನೇ ಕಲಂ ತೋರಿಸಿ ಪಾರಾಗುವುದು ಕಷ್ಟ.

ಇವತ್ತೇ ಮಾಡಬೇಕಾದ್ದು: ಪುಟದ ವಿಳಾಸ (URL), ದಿನಾಂಕ, ಗಂಟೆ ಕಾಣುವಂತೆ ಇಡೀ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ಸರ್ವರ್ ಲಾಗ್, ಅತಿಥಿ ಮೊದಲು ಕಳಿಸಿದ ಮೂಲ ಬರಹ, ಎರಡನ್ನೂ ಬೇರೆ ಕಡೆ ನಕಲು ಮಾಡಿಡಿ. ಆಮೇಲೆ ತಲೆಬರಹ ಅಳಿಸಿ, ಮುಖಪುಟದಿಂದ ಇಳಿಸಿ, ಅತಿಥಿಯ ಮಾತನ್ನು ತಪ್ಪುಗಳ ಸಮೇತ ಮೊದಲಿನಂತೆ ಇಡಿ. ಗಾಬರಿಯಲ್ಲಿ ಮೊದಲು ಅಳಿಸಿದವರು, ಏನಿತ್ತು ಎಂದು ನ್ಯಾಯಾಲಯ ಕೇಳಿದಾಗ ಬರಿಗೈಯಲ್ಲಿ ನಿಲ್ಲುತ್ತಾರೆ. ದೂರಿನ ಮೇಲೆ ತೆಗೆದದ್ದನ್ನು 180 ದಿನ ಕಾಪಾಡಬೇಕೆಂದು 2021ರ ಮಧ್ಯವರ್ತಿ ನಿಯಮಗಳೂ (ನಿಮ್ಮಂತೆ ಬೇರೆಯವರ ಬರಹ ಹಾಕುವ ತಾಣಗಳಿಗೆ ಅನ್ವಯಿಸುವವು) ಹೇಳುತ್ತವೆ.

ಇನ್ನು ನೋಟಿಸ್. ನೀವು ಕಳಿಸಿದ ಪ್ರತಿಯಲ್ಲಿ ಅದೇ ಕಾಯ್ದೆಯ 66ಎ ಕಲಂ (ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸಿದವರಿಗೆ ಶಿಕ್ಷೆ) ಹೆಸರಿಸಿದ್ದಾರೆ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಹಳೆಯ ಮಾದರಿಯನ್ನೇ ಟೈಪಿಸಿದಂತಿದೆ! ಅದೇ ತೀರ್ಪಿನ ಪ್ರಕಾರ, ಬರಹ ತೆಗೆಯಲೇಬೇಕಾಗುವುದು ನ್ಯಾಯಾಲಯದ ಆದೇಶವೋ ಸರ್ಕಾರದ ಅಧಿಸೂಚನೆಯೋ ಬಂದಾಗ. ವಕೀಲರ ಪತ್ರ ಇವೆರಡೂ ಅಲ್ಲ, ಅವರ ಮೂರು ದಿನದ ಗಡುವಿಗೆ ಕಾನೂನಿನ ಬಲವಿಲ್ಲ.

ಹಾಗೆಂದು ಮೂಲೆಗೆಸೆಯಬೇಡಿ. ಅದನ್ನು ದೂರೆಂದೇ ದಾಖಲಿಸಿ. ತಾಣದಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಕಾಣಬೇಕು (ಒಬ್ಬರೇ ನಡೆಸುವವರಾದರೆ ಆ ಅಧಿಕಾರಿ ನೀವೇ). 2021ರಲ್ಲಿ ನಿಯಮ ಬಂದಾಗ ದೂರು ತಲುಪಿದ್ದನ್ನು 24 ಗಂಟೆಯಲ್ಲಿ ತಿಳಿಸಿ, 15 ದಿನದಲ್ಲಿ ಇತ್ಯರ್ಥ ಮಾಡಬೇಕಿತ್ತು. ತಿದ್ದುಪಡಿಗಳು ಗಡುವನ್ನು ಕಿರಿದು ಮಾಡುತ್ತಲೇ ಇವೆ, ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ತಾಣದಲ್ಲಿ ಇವತ್ತಿನ ಪಠ್ಯ ನೋಡಿಯೇ ಉತ್ತರ ಬರೆಯಿರಿ. ಅತಿಥಿಯಿಂದ ಬಿಲ್ಲು, ಬಾಟಲಿಯ ಫೋಟೋ ತರಿಸಿಕೊಳ್ಳಿ. ಮಾಲೀಕರ ಬಳಿ ಪ್ರಯೋಗಾಲಯದ ವರದಿಯಿದ್ದರೆ ಅವರ ಉತ್ತರವನ್ನು ಅನಿಸಿಕೆಯ ಕೆಳಗೇ ಹಾಕಿ.

ಫೋನ್ ನಂಬರನ್ನಂತೂ ಕೊಡಬೇಡಿ. ಅದನ್ನು ಕೇಳುವ ಹಕ್ಕು ನ್ಯಾಯಾಲಯಕ್ಕಿದೆ, ಕಾರಣ ಕಾಣಿಸಿ ಲಿಖಿತವಾಗಿ ಕೇಳುವ ತನಿಖಾ ಸಂಸ್ಥೆಗಿದೆ. ಎದುರು ಪಕ್ಷದ ವಕೀಲರಿಗಿಲ್ಲ.

ತಡೆಯಾಜ್ಞೆ ಬಂದರೆ ಮಾತ್ರ ವಾದ ಬೇಡ. ಆದೇಶದಲ್ಲಿರುವ ಪುಟದ ವಿಳಾಸ ತಾಳೆ ನೋಡಿ ಅದನ್ನಷ್ಟೇ ಮುಚ್ಚಿ. 2021ರಲ್ಲಿ ನಿಯಮ ಬಂದಾಗ ಇದಕ್ಕೆ ಕೊಟ್ಟಿದ್ದೇ 36 ಗಂಟೆ, 2026ರ ತಿದ್ದುಪಡಿ ಅದನ್ನೂ ಕಿರಿದು ಮಾಡಿದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ, ಟವರ್ ಸತ್ತಿದೆ ಎಂಬುದಕ್ಕೆ ಅದರಲ್ಲಿ ವಿನಾಯಿತಿ ಬರೆದಿಲ್ಲ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನಂಬಿಕಸ್ಥರೊಬ್ಬರಿಗೆ ತಾಣದ ಲಾಗಿನ್ ಕೊಟ್ಟಿಡಿ. ದೂರಿನ ಇಮೇಲ್ ಅವರಿಗೂ ಹೋಗುವಂತೆ ಮಾಡಿ.