ಓದುಗರ ಪ್ರಶ್ನೆ: ತಾಂಜಾನಿಯಾದ ಸಹಪಾಠಿ ನಮ್ಮೊಡನೆ ಏಕೆ ಬೆರೆಯುತ್ತಿಲ್ಲ?

ಪ್ರಶ್ನೆ: ನಾವು ಐವರು ಗೆಳತಿಯರು ಎಂ.ಎಸ್ಸಿ. ಓದುತ್ತಿದ್ದೇವೆ. ಈ ವರ್ಷ ನಮ್ಮ ತರಗತಿಗೆ ತಾಂಜಾನಿಯಾದ ಹುಡುಗಿಯೊಬ್ಬಳು ಸೇರಿದ್ದಾಳೆ. ಮೊದಲ ವಾರವೇ ಅವಳನ್ನು ವಿ.ವಿ. ಪುರದ ತಿಂಡಿ ಬೀದಿಗೆ ಕರೆದೊಯ್ದು, ಒಂದು ರೂಪಾಯಿಯನ್ನೂ ಖರ್ಚು ಮಾಡಲು ಬಿಡದೆ, ಹೋಳಿಗೆ, ದೋಸೆ, ಗುಲ್ಕನ್ ಎಲ್ಲವನ್ನೂ ತಿನ್ನಿಸಿದೆವು. ಆಮೇಲೆ ಯಾವಾಗ ಕರೆದರೂ ಓದುವುದಿದೆ ಎನ್ನುತ್ತಾಳೆ. ನಮ್ಮಿಂದ ಏನು ತಪ್ಪಾಯಿತು?
– ಹೆಸರು ಬೇಡ, ಬಸವನಗುಡಿ, ಬೆಂಗಳೂರು

ಉತ್ತರ: ಅವಳಿಗೆ ನಿಜವಾಗಿಯೂ ಓದುವುದಿರಬಹುದು. ಆದರೆ ನಿಮ್ಮ ಪತ್ರ ಓದಿದಾಗ ನನಗೆ ಅನಿಸಿದ್ದು, ಅಂದು ಉಪಚಾರ ತುಸು ಹೆಚ್ಚಾಯಿತು ಎಂದು. ಐವರು ಕನ್ನಡದಲ್ಲಿ ಮಾತಾಡಿ ನಗುತ್ತಿರುವಾಗ, ಯಾತಕ್ಕೆ ನಗುತ್ತಿದ್ದಾರೆಂದು ತಿಳಿಯದೆ ತಾನೂ ಮುಗುಳ್ನಗುತ್ತ ನಿಲ್ಲುವುದು, ಪರ್ಸ್ ತೆಗೆಯಲು ಹೋದರೆ ಎಲ್ಲರೂ ಕೈ ತಡೆಯುವುದು, ಇದೆಲ್ಲ ಎಷ್ಟು ದಣಿಸುತ್ತದೆಂದು ಯೋಚಿಸಿ. ನಂಟರ ಮನೆಯಲ್ಲಿ ಮೂರನೆಯ ದಿನಕ್ಕೆ ನಮಗೂ ಹೀಗೆಯೇ ಅನಿಸುತ್ತದೆ. ನೀವು ಕನ್ನಡ ಬಿಡಬೇಕಿಲ್ಲ. ನಗು ಆರುವ ಮೊದಲೇ ಪಕ್ಕದಲ್ಲಿರುವವರು ಮಾತಿನ ಅರ್ಥವನ್ನು ಅವಳಿಗೆ ಹೇಳಿದರೆ ಸಾಕು.

ಮುಂದಿನ ಸಲ ಅವಳನ್ನು ಅಡುಗೆಮನೆಗೆ ಕರೆಯಿರಿ. ನಾವು ನಮ್ಮದೇ ಎಂದುಕೊಂಡಿರುವ ರಾಗಿಯ ತವರು ಪೂರ್ವ ಆಫ್ರಿಕಾ. ಸ್ವಾಹಿಲಿಯಲ್ಲಿ ಅದಕ್ಕೆ ‘ಉಲೇಜಿ’ ಎಂದೂ, ಹಿಟ್ಟು ಕದಡಿ ಕಾಯಿಸಿದ ಗಂಜಿಗೆ ‘ಉಜಿ’ ಎಂದೂ ಹೆಸರು. ಮುಸುಕಿನ ಜೋಳದ ಹಿಟ್ಟಿನಿಂದ ತೊಳಸುವ ಅವರ ‘ಉಗಾಲಿ’ ನಮ್ಮ ಮುದ್ದೆಗೆ ಬಹಳ ಹತ್ತಿರದ್ದು. ಅದರೊಡನೆ ತಿನ್ನುವ ‘ಮ್ಚಿಚಾ’ ನಮ್ಮ ದಂಟಿನ ಸೊಪ್ಪಿನ ಜಾತಿಯದೇ. ಹಿಂದೊಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಅದೇ ದೇಶದ ವಿದ್ಯಾರ್ಥಿನಿ, ನಾವು ಚಮಚ ಹುಡುಕುತ್ತಿರುವಾಗಲೇ ಮುದ್ದೆ ಮುರಿದು, ಬೆರಳಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಅದರಲ್ಲೊಂದು ಗುಳಿ ಒತ್ತಿ, ಆ ಗುಳಿಯಲ್ಲಿ ಬಸ್ಸಾರು ತುಂಬಿಕೊಂಡಳು. “ಅಗಿಯಬಾರದಮ್ಮ, ನುಂಗಬೇಕು” ಎಂದು ನನ್ನ ತಾಯಿ ಸನ್ನೆ ಮಾಡಿ ತೋರಿಸಿದರು. ಅವಳು ಅಗಿದೇ ತಿಂದಳು. ಆ ಮಧ್ಯಾಹ್ನ ಅಮ್ಮನ ಪಕ್ಕ ಕುಳಿತು ಅವಳು ಆಡಿದಷ್ಟು ಮಾತನ್ನು ನಾನು ಅವಳಿಂದ ಅದಕ್ಕೆ ಮೊದಲು ಕೇಳಿರಲೇ ಇಲ್ಲ.

ಇನ್ನೊಂದು ಮಾತು. ಹಾಸ್ಟೆಲ್ ಬಿಟ್ಟು ಬಾಡಿಗೆ ಕೋಣೆ ಹುಡುಕುವ ದಿನ ಬಂದರೆ ನಿಮ್ಮಲ್ಲೊಬ್ಬರು ಜೊತೆಗೆ ಹೋಗಿ. ವಿದೇಶಿಯರನ್ನು ಇರಿಸಿಕೊಂಡವರು 24 ಗಂಟೆಗಳೊಳಗೆ ಆನ್‌ಲೈನ್‌ನಲ್ಲಿ ಅದನ್ನು ತಿಳಿಸಬೇಕೆಂಬ ನಿಯಮವಿದ್ದು, ಅದು ಗೊತ್ತಿಲ್ಲದೆ ಹಿಂಜರಿಯುವ ಮಾಲೀಕರಿಗೆ ಕನ್ನಡದಲ್ಲಿ ವಿವರಿಸಿ ಹೇಳುವವರು ಬೇಕಾಗುತ್ತದೆ.

ಬರುವ ಭಾನುವಾರ ಸೊಪ್ಪು ನೀವು ಬಿಡಿಸಿ, ಮುದ್ದೆಕೋಲನ್ನು ಅವಳ ಕೈಗೆ ಕೊಡಿ. ಸಾಮಾನಿನ ಖರ್ಚಿನಲ್ಲಿ ತನ್ನ ಪಾಲೆಂದು ಅವಳು ಹಣ ಕೊಟ್ಟರೆ ದಯವಿಟ್ಟು ಈ ಸಲ ತೆಗೆದುಕೊಳ್ಳಿ.