ಮ್ಯಾಟ್ ಬೇಡ, ಗ್ಲಾಸಿಯೂ ಬೇಡ: ವಿಸಿಟಿಂಗ್ ಕಾರ್ಡ್ ಬಗ್ಗೆ ಉತ್ತರ

ಸರ್, ನೀವು ನಮ್ಮ ಗುಂಪಿನಲ್ಲಿ ಹಾಕಿರುವ ವಿಸಿಟಿಂಗ್ ಕಾರ್ಡ್ ಡಿಸೈನ್ ನೋಡಿದೆ. ಹಿನ್ನೆಲೆ ಪೂರ್ತಿ ಮಿಂಚುಳ್ಳಿ ಫೋಟೊ, ಅದರ ಮೇಲೆ ಹಳದಿ ಅಕ್ಷರದಲ್ಲಿ ಹೆಸರು, ಒಂದು ಮೂಲೆಯಲ್ಲಿ ತಬಲಾ, ಇನ್ನೊಂದರಲ್ಲಿ ಸೈಕಲ್. ಮೇಲೆ ಅಂಟಿಸುವ ಪ್ಲಾಸ್ಟಿಕ್ ಪದರ ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಶನ್ನಾ, ಹೊಳೆಯುವ ಗ್ಲಾಸಿನಾ ಅಂತ ಕೇಳಿದ್ದೀರಿ. ಎರಡೂ ಬೇಡ. ನನ್ನ ಮೊದಲ ಕಾರ್ಡೂ ಹೀಗೇ ಇತ್ತು. ತಗೊಂಡವರೆಲ್ಲ ಚಿತ್ರ ಹೊಗಳಿದರು, ಫೋನ್ ನಂಬರ್ ಮಾತ್ರ ಯಾರಿಗೂ ಕಾಣಲಿಲ್ಲ.

90×55 ಮಿ.ಮೀ. ಜಾಗದಲ್ಲಿ ಮೂರು ಹವ್ಯಾಸ ಹಿಡಿಯುವುದಿಲ್ಲ. ಹಕ್ಕಿ ಒಂದನ್ನೇ ಇಟ್ಟುಕೊಳ್ಳಿ. ಅದೂ ಫೋಟೊ ಬೇಡ, ನೀವೇ ಅಚ್ಚು ಕೆತ್ತಿ ಕಾರ್ಡಿನ ಹಿಂಬದಿಗೆ ಒತ್ತಿ.

ಅಚ್ಚಿಗೆ ಪೆನ್ಸಿಲ್ ಅಳಿಸುವ ಅಪ್ಸರಾ ನಾನ್-ಡಸ್ಟ್ ಜಂಬೋ ರಬ್ಬರ್ ಸಾಕು. ಮಕ್ಕಳ ಬಣ್ಣಬಣ್ಣದ ವಾಸನೆ ರಬ್ಬರ್ ತರಬೇಡಿ, ಕೆತ್ತುವಾಗ ಪುಡಿಪುಡಿಯಾಗುತ್ತದೆ. ಬಟರ್ ಪೇಪರ್ ಮೇಲೆ 2ಬಿ ಪೆನ್ಸಿಲಿನಿಂದ ಹಕ್ಕಿ ಬರೆದು, ರಬ್ಬರಿನ ಮೇಲೆ ಮಗುಚಿ ಹಾಕಿ ಉಗುರಿನಿಂದ ಉಜ್ಜಿ. ಚಿತ್ರ ಉಲ್ಟಾ ಇಳಿಯುತ್ತದೆ, ಒತ್ತಿದಾಗ ಸರಿಯಾಗಿ ಬರುತ್ತದೆ. ಬ್ಲೇಡಿನಲ್ಲಿ ಗೆರೆಯಿಂದ ಹೊರಕ್ಕೆ ಇಳಿಜಾರಾಗಿ ಕೊಯ್ಯಿರಿ, ಗೆರೆಯ ಬುಡ ಅಗಲವಾಗಿ ಉಳಿಯಬೇಕು. ಬುಡ ತೆಳುವಾದರೆ ಒತ್ತಿದಾಗ ಗೆರೆ ಬಾಗುತ್ತದೆ, ಕೊಕ್ಕು ಮೊದಲು ಮುರಿಯುತ್ತದೆ. ಗರಿಗಳನ್ನೆಲ್ಲ ಕೆತ್ತಲು ಹೋಗಬೇಡಿ. ಉದ್ದ ಕೊಕ್ಕು, ದಪ್ಪ ತಲೆ, ಮೋಟು ಬಾಲ ಇದ್ದರೆ ಗೊತ್ತಿರುವವರು ಗುರುತು ಹಿಡಿಯುತ್ತಾರೆ. ಬಣ್ಣಕ್ಕೆ ಆಫೀಸಿನ ನೀಲಿ ಸ್ಟಾಂಪ್ ಪ್ಯಾಡ್. ಅಚ್ಚನ್ನು ಪ್ಯಾಡಿಗೆ ಅದುಮಬೇಡಿ, ಪ್ಯಾಡನ್ನೇ ಅಚ್ಚಿನ ಮೇಲೆ ಮೆಲ್ಲಗೆ ತಟ್ಟಿ. ಇಲ್ಲದಿದ್ದರೆ ಇಂಕು ಸಂದಿಗೆಲ್ಲ ಇಳಿದು ಕಲೆ ಬೀಳುತ್ತದೆ.

ಲ್ಯಾಮಿನೇಶನ್ ಬೇಡ ಅಂದಿದ್ದು ಇದಕ್ಕೇ. ಈ ಇಂಕು ಕಾಗದದೊಳಗೆ ಇಂಗಿ ಒಣಗಬೇಕು. ಪ್ಲಾಸ್ಟಿಕ್ ಪದರದ ಮೇಲೆ ಹಾಗೇ ನಿಂತು ಬೆರಳಿಗೆ ಮೆತ್ತಿಕೊಳ್ಳುತ್ತದೆ. ಲೇಪನವಿರುವ ಆರ್ಟ್ ಕಾರ್ಡೂ ನುಣುಪು, ಅದೂ ಬೇಡ. ಲೇಪನವಿಲ್ಲದ 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಕಾರ್ಡ್ ಕೇಳಿ. ಪೆನ್ನಿನಲ್ಲಿ ಏನಾದರೂ ಬರೆದುಕೊಡಲೂ ಬರುತ್ತದೆ. ಬೆಂಗಳೂರಿನವರಾದರೆ ಸುಲ್ತಾನ್‌ಪೇಟೆಯ ಕಾಗದದ ಅಂಗಡಿಗಳಲ್ಲಿ ಮುಟ್ಟಿ ನೋಡಿಯೇ ತಗೊಳ್ಳಿ. ಹೆಸರು, ನಂಬರ್ ಇರುವ ಮುಂಬದಿ ಮೊದಲು ಪ್ರಿಂಟ್ ಆಗಲಿ, ಅಚ್ಚು ಆಮೇಲೆ.

ಇನ್ನು ಅಕ್ಷರ. ದಯವಿಟ್ಟು ಆ ಹಳದಿ ತೆಗೆಯಿರಿ. ಬರೀ ಕಪ್ಪು ಸಾಕು, ಅದೂ ಸಿಎಂವೈಕೆ ಎಂಬ ಪ್ರಿಂಟಿನ ನಾಲ್ಕು ಇಂಕುಗಳಲ್ಲಿ ಕೆ, ಅಂದರೆ ಕಪ್ಪು ಇಂಕು ಒಂದೇ. ನಾಲ್ಕು ಬಣ್ಣ ಬೆರೆಸಿ ಕಪ್ಪು ಮಾಡಿದರೆ ಸಣ್ಣ ಅಕ್ಷರದ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ‘ಬಾಲೂ ತಮ್ಮ’ ಎಂಬ ದಪ್ಪ ಫಾಂಟ್ ಅಂಗಡಿ ಬೋರ್ಡಿಗೆ ಚಂದ, ಇಷ್ಟು ಸಣ್ಣ ಗಾತ್ರದಲ್ಲಿ ಒಳಸಂದಿಗಳು ಮುಚ್ಚಿಹೋಗುತ್ತವೆ. ನನ್ನ ಆಯ್ಕೆ ‘ನೋಟೊ ಸೆರಿಫ್ ಕನ್ನಡ’ ಫಾಂಟ್. ಇಂಗ್ಲಿಷ್ ಸಾಲಿಗಿಂತ ಕನ್ನಡದ ಸಾಲಿಗೆ ಜಾಸ್ತಿ ಅಂತರ ಕೊಡಿ. ನಿಮ್ಮ ಡಿಸೈನಿನಲ್ಲಿ ಹೆಸರಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದೆ, ನೋಡಿದಿರಾ?

ಪ್ರೆಸ್ಸಿಗೆ ಕೊಡುವ ಮೊದಲು ಅಕ್ಷರವನ್ನೆಲ್ಲ ಕರ್ವ್ ಮಾಡಿ, ಅಂದರೆ ಫಾಂಟ್ ಬೇಕಿಲ್ಲದ ಬರೀ ಚಿತ್ರರೇಖೆಯಾಗಿಸಿ; ಕೋರೆಲ್ ಡಿಸೈನ್ ತಂತ್ರಾಂಶದಲ್ಲಿ ಕಂಟ್ರೋಲ್ ಕ್ಯೂ. ಇದನ್ನು ಎಷ್ಟು ಸಲ ಹೇಳಿದರೂ ಗುಂಪಿನಲ್ಲಿ ಯಾರೂ ಕೇಳುವುದಿಲ್ಲ. ಹಳೇ ನುಡಿ ಫಾಂಟಿನ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕೋರೆಲ್‌ನ ಹಳೇ ಆವೃತ್ತಿಗಳು ಯೂನಿಕೋಡ್ ಒತ್ತಕ್ಷರವನ್ನು ಒಡೆದುಹಾಕುತ್ತವೆ. ಇಂಕ್‌ಸ್ಕೇಪ್ ಎಂಬ ಡಿಸೈನ್ ತಂತ್ರಾಂಶ ಉಚಿತ, ಅದರಲ್ಲಿ ಈ ತಕರಾರಿಲ್ಲ. ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು ಬಿಡಿ.

ಕ್ಯುಆರ್ ಕೋಡ್ ಹಾಕುವುದಾದರೆ ಸ್ಟ್ಯಾಟಿಕ್ ಮಾತ್ರ, ಅಂದರೆ ನಿಮ್ಮ ಮಾಹಿತಿ ಕೋಡಿನೊಳಗೇ ಇರುವಂಥದ್ದು. ಡೈನಾಮಿಕ್ ಕೋಡ್ ಮಧ್ಯದಲ್ಲಿ ಕೋಡ್ ಮಾಡಿಕೊಟ್ಟ ಕಂಪನಿಯ ಲಿಂಕ್ ಮೂಲಕ ಹೋಗುತ್ತದೆ. ಅವರು ಲಿಂಕ್ ನಿಲ್ಲಿಸಿದ ದಿನ ನೀವು ಹಂಚಿದ ಕಾರ್ಡೆಲ್ಲ ದಂಡ.