ಆಟ ಪೂರ್ಣವಾಗಿ ಬರಬೇಕೇ, ಬೆಳೆಯುತ್ತಾ ಬರಬೇಕೇ?

ಪ್ರಶ್ನೆ: ಮಗಳು ಆಡುವ ‘ದಿ ಸಿಮ್ಸ್ 4’ ಎಂಬ ಕಂಪ್ಯೂಟರ್ ಆಟ ಉಚಿತವಾಗಿ ಸಿಕ್ಕಿತು. ಈಗ ಸಾಕುಪ್ರಾಣಿಗಳಿಗೊಂದು, ಋತುಗಳಿಗೊಂದು ವಿಸ್ತರಣೆ (ದುಡ್ಡು ಕೊಟ್ಟು ಆಟಕ್ಕೆ ಸೇರಿಸಿಕೊಳ್ಳುವ ಹೊಸ ಭಾಗ) ಕೊಡಿಸಿ ಎನ್ನುತ್ತಾಳೆ. ಇಂಥ ಆಟಗಳು ಮೊದಲೇ ಪೂರ್ಣವಾಗಿ ಬರಬಾರದೇ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದು. ಬದುಕನ್ನೇ ಅನುಕರಿಸುವ ಆಟದಲ್ಲಿ ಬದುಕಿನ ಮೂಲ ಅಂಗಗಳು ಮೊದಲ ದಿನವೇ ಇರಬೇಕು. 2014ರ ಸೆಪ್ಟೆಂಬರಿನಲ್ಲಿ ಈ ಆಟ ಬಿಡುಗಡೆಯಾದಾಗ ಅದರಲ್ಲಿ ಈಜುಕೊಳವಿರಲಿಲ್ಲ; ತೊಟ್ಟಿಲ ಕೂಸು ತಪ್ಪುಹೆಜ್ಜೆಯಿಡುವ ವಯಸ್ಸನ್ನೇ ಕಾಣದೆ ನೇರವಾಗಿ ಶಾಲೆಗೆ ಹೋಗುವ ಮಗುವಾಗಿಬಿಡುತ್ತಿತ್ತು. ಕೊಳ ಅದೇ ನವೆಂಬರಿನಲ್ಲಿ, ಪುಟಾಣಿಗಳು 2017ರ ಜನವರಿಯಲ್ಲಿ ಉಚಿತವಾಗಿಯೇ ಬಂದರೂ, ಹಿಂದಿನ ಆವೃತ್ತಿಯಲ್ಲಿ ಇದ್ದದ್ದಕ್ಕಾಗಿ, ಆಗ ಈ ಆಟವನ್ನು ದುಡ್ಡು ಕೊಟ್ಟೇ ಕೊಂಡವರು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾದದ್ದನ್ನು ನಾನು ಒಪ್ಪಲಾರೆ.

ಹಾಗೆಂದು ಬೆಳೆಯುವುದೇ ತಪ್ಪಲ್ಲ. 2016ರ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಹಳ್ಳಿ ಬದುಕಿನ ಆಟದಲ್ಲಿ ನಾಲ್ಕು ಋತುಗಳು, ಬೇಸಾಯ, ಮೀನುಗಾರಿಕೆ, ಮದುವೆ ಎಲ್ಲವೂ ಮೊದಲೇ ಇದ್ದವು, ಮುಂದಿನ ದೊಡ್ಡ ಸೇರ್ಪಡೆಗಳಿಗೂ ಬೆಲೆ ಕೇಳಲಿಲ್ಲ. ಅದನ್ನು ರೂಪಿಸಿದ್ದು ಬಹುಪಾಲು ಒಬ್ಬರೇ ಎಂಬುದನ್ನು ಗಮನಿಸಬೇಕು. ದೊಡ್ಡ ತಂಡಗಳು ವರ್ಷಗಟ್ಟಲೆ ದುಡಿಯುವಾಗ ಹೊಸ ವಿಸ್ತರಣೆಗೆ ಬೆಲೆಯಿಡುವುದು ಸಹಜವೇ, ಮೂಲ ಆಟ ಬಡವಾಗದಿದ್ದರೆ.

ದಸರಾ ರಜೆಯಲ್ಲಿ ಮಗಳು ಮೂಲ ಆಟದಲ್ಲೇ ಒಂದು ಕುಟುಂಬವನ್ನು ಎರಡು ತಲೆಮಾರು ನಡೆಸಲಿ; ಆಮೇಲೂ ಬೇಕೆಂದರೆ, ರಿಯಾಯಿತಿಯ ಸಮಯದಲ್ಲಿ ಅವಳೇ ಆರಿಸಿದ ಒಂದೇ ಒಂದು ವಿಸ್ತರಣೆಯನ್ನು ಕೊಡಿಸಿ.